ಹದಿನಾಲ್ಕು ದಿನದ ಗುಳಿಗೆ



ನೀವು ಎಲ್ಲಿ ಕೂತು ಕೇಳುತ್ತಿದ್ದೀರೋ ನನಗೆ ಕಾಣದು. ಗಂಗಾವತಿಯ ಮಾಗಾಣಿಯಲ್ಲಿ ಗದ್ದೆಯ ಬದುವಿನ ಮೇಲೆ ಇರಬಹುದು. ಕುಷ್ಟಗಿಯ ಚಹಾದಂಗಡಿಯಲ್ಲಿ ಇರಬಹುದು. ಯಲಬುರ್ಗಾದ ಎರೆಹೊಲದಲ್ಲಿ, ಬೇವಿನ ನೆರಳಿಗೆ ಬುತ್ತಿ ಬಿಚ್ಚಿರಬಹುದು. ಎಲ್ಲಿದ್ದರೂ ಸ್ವಲ್ಪ ಹೊತ್ತು ಕಿವಿಗೊಡಿ. ಇವತ್ತು ಚಳಿಜ್ವರದ ಮಾತು. ದವಾಖಾನೆಯ ಹೆಸರಿನಲ್ಲಿ ಹೇಳುವುದಾದರೆ, ಮಲೇರಿಯಾ.

ನಾನು ವೈದ್ಯನಲ್ಲ. ಕೊಪ್ಪಳ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತ ಪರೀಕ್ಷೆ ಮಾಡುತ್ತ ಬದುಕು ಕಳೆದವನು. ಹಳ್ಳಿಯವರು ನನ್ನನ್ನು ‘ರಕ್ತ ನೋಡೋ ಸರ’ ಅನ್ನುತ್ತಿದ್ದರು. ಔಷಧಿ ಬರೆದುಕೊಡುವವರು ಡಾಕ್ಟರು. ಆದರೆ ಯಾರ ಮೈಯಲ್ಲಿ ಯಾವ ಜೀವಿ ಸೇರಿದೆ ಎಂದು ಮೊದಲು ಕಾಣುತ್ತಿದ್ದುದು ನನಗೆ.

ಒಬ್ಬ ಹುಡುಗನ ಕತೆಯಿಂದ ಶುರುಮಾಡುತ್ತೇನೆ. ಹೆಸರು ಬೇಡ. ಕುಷ್ಟಗಿ ತಾಲೂಕಿನ ಒಂದು ಹಳ್ಳಿಯವನು. ಇಪ್ಪತ್ತರ ಆಸುಪಾಸು. ಮಂಗಳೂರಿನ ಕಡೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದ. ನಾಗರ ಪಂಚಮಿಗೆ ಊರಿಗೆ ಬಂದ. ಮನೆಯಲ್ಲಿ ಉಂಡಿ ಕಟ್ಟಿದ್ದರು. ಮರಕ್ಕೆ ಜೋಕಾಲಿ ಹಾಕಿದ್ದರು. ಅವನು ಮಾತ್ರ ಎರಡು ಕೌದಿ ಹೊದ್ದು ಗಡಗಡ ನಡುಗುತ್ತ ಮಲಗಿದ್ದ. ಅವ್ವ ಕರಕೊಂಡು ಬಂದಳು.

“ದಿನ ಬಿಟ್ಟು ದಿನ ಥಂಡಿ ಹತ್ತಿ ಜ್ವರ ಬರ್ತಾವ್ರಿ ಸರ. ಒಂದ್ ಸೂಜಿ ಮಾಡ್ಸಿ ಕಳಸ್ರಿ.”

ಸೂಜಿಗಿಂತ ಮೊದಲು ರಕ್ತ ನೋಡಿದೆವು. ಮಲೇರಿಯಾ ಇತ್ತು. ಡಾಕ್ಟರು ಎರಡು ಥರದ ಗುಳಿಗೆ ಕೊಟ್ಟರು. ಒಂದು ಮೂರು ದಿನಕ್ಕೆ. ಇನ್ನೊಂದು ಹದಿನಾಲ್ಕು ದಿನಕ್ಕೆ. ನಾಲ್ಕನೆಯ ದಿನ ಹುಡುಗ ಎದ್ದು ಕೂತ. ಆರನೆಯ ದಿನ ಬಸ್ ಹತ್ತಿದ. ದೀಪಾವಳಿಗೆ ಮತ್ತೆ ಬಂದ. ಮತ್ತೆ ಅದೇ ಕೌದಿ, ಅದೇ ನಡುಕ.

“ಗುಳಿಗಿ ಪೂರಾ ನುಂಗಿದ್ಯಾ?” ಅಂತ ಕೇಳಿದೆ.

“ನಾಕ ದಿನಕ್ಕ ಜ್ವರ ಬಿಟ್ಟುವ್ರಿ. ಬಿಟ್ಟ ಮ್ಯಾಲ ಯಾಕ ನುಂಗ್ಲಿ ಅಂತ ಬಿಟ್ಟೆ.”

ಅವ್ವ ಮರುದಿನ ಆ ಗುಳಿಗೆಯ ಪೊಟ್ಟಣ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಗೋಡೆಯ ಗೂಡಿನಲ್ಲಿ ಹಾಗೇ ಉಳಿದಿತ್ತು. ಅದರ ಹಿಂದೆಯೇ ಅವನ ತಂಗಿಯನ್ನೂ ಕರಕೊಂಡು ಬಂದಳು. ಆ ಹುಡುಗಿ ಊರು ಬಿಟ್ಟು ಎಲ್ಲಿಗೂ ಹೋದವಳಲ್ಲ. ಅವಳ ರಕ್ತದಲ್ಲೂ ಅದೇ ಇತ್ತು.

ಅವನಿಗೆ ಮಂಗಳೂರಿನಲ್ಲಿ ಹೊಸದಾಗಿ ಹತ್ತಿತೋ, ಮೈಯೊಳಗಿನ ಹಳೆಯದೇ ಎದ್ದಿತೋ, ಸೂಕ್ಷ್ಮದರ್ಶಕ ಹೇಳುವುದಿಲ್ಲ. ಆದರೆ ಗೂಡಿನಲ್ಲಿ ಉಳಿದ ಆ ಗುಳಿಗೆಗಳನ್ನು ನಾನು ಮರೆತಿಲ್ಲ. ಇವತ್ತಿನ ಮಾತೆಲ್ಲ ಅವುಗಳ ಸುತ್ತಲೇ.

ಮೊದಲು, ಈ ಜ್ವರ ಸೊಳ್ಳೆಯಿಂದ ಬರುತ್ತದೆ ಎಂದು ಗೊತ್ತಾದದ್ದು ಹೇಗೆ? ಆ ಶೋಧ ನಡೆದದ್ದು ನಮಗೆ ದೂರದಲ್ಲಿ ಅಲ್ಲ. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ನಿಜಾಮರ ರಾಜ್ಯದಲ್ಲಿದ್ದವು. ಅದೇ ರಾಜ್ಯದ ಸಿಕಂದರಾಬಾದಿನ ದಂಡಿನಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯ ಇದ್ದ. ಹುಸೇನ್ ಖಾನ್ ಎಂಬ ರೋಗಿಯನ್ನು ಪರದೆಯೊಳಗೆ ಮಲಗಿಸಿ ಸೊಳ್ಳೆ ಕಚ್ಚಿಸಿದ. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದೊಂದು ಆಣೆ ಕೊಟ್ಟ. 1897ರ ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆ ಸೀಳಿ ನೋಡಿದಾಗ, ಅದರ ಗೋಡೆಯಲ್ಲಿ ಮಲೇರಿಯಾದ ಜೀವಿ ಬೆಳೆಯುತ್ತಿರುವುದು ಕಂಡಿತು. 1902ರಲ್ಲಿ ರಾಸ್‌ಗೆ ನೊಬೆಲ್ ಪ್ರಶಸ್ತಿ ಬಂತು. ಹುಸೇನ್ ಖಾನನ ಹೆಸರನ್ನೂ ನಾವು ನೆನೆಯಬೇಕು. ಅವನು ತನ್ನ ಮೈ ಕೊಡದಿದ್ದರೆ ರಾಸ್‌ಗೆ ಆ ಸೊಳ್ಳೆ ಸಿಗುತ್ತಿರಲಿಲ್ಲ.

ಹಾಗಾದರೆ, ಚಳಿಜ್ವರ ಗಾಳಿಯಿಂದಲ್ಲ, ನೀರು ಕುಡಿದು ಅಲ್ಲ, ದೆವ್ವ ಹಿಡಿದು ಅಲ್ಲ. ಅನಾಫಿಲಿಸ್ ಎಂಬ ಜಾತಿಯ ಹೆಣ್ಣು ಸೊಳ್ಳೆ ಕಚ್ಚಿ ಬರುತ್ತದೆ. ನಮ್ಮ ಕಡೆ ಗುಂಗಾಡು ಅನ್ನುತ್ತೀರಲ್ಲ, ಅದರಲ್ಲೇ ಒಂದು ಜಾತಿ. ಇಷ್ಟು ನೆನಪಿಟ್ಟುಕೊಂಡು, ಈಗ ನನ್ನ ಮೇಜಿನ ಮುಂದೆ ಬನ್ನಿ. ರಕ್ತ ಪರೀಕ್ಷೆ ಅಂದರೆ ಏನು ಮಾಡುತ್ತೇವೆ? ನೀವು ನೋಡಲಾರಿರಿ, ಆದ್ದರಿಂದ ಹೇಳುತ್ತೇನೆ.

ಎಡಗೈಯ ಉಂಗುರ ಬೆರಳನ್ನು ಸ್ಪಿರಿಟ್ ಹತ್ತಿಯಿಂದ ಒರೆಸುತ್ತೇವೆ. ಚಿಕ್ಕದೊಂದು ಚುಚ್ಚು. ಮುಳ್ಳು ನಟ್ಟಷ್ಟು ನೋವು. ಮೊದಲ ಹನಿಯನ್ನು ಒರೆಸಿ ತೆಗೆಯುತ್ತೇವೆ. ಆಮೇಲಿನ ಹನಿ ಗಾಜಿನ ಪಟ್ಟಿಯ ಮೇಲೆ. ಒಂದು ಕಡೆ ಹನಿಯನ್ನು ದಪ್ಪಗೆ, ಬಟ್ಟೆಯ ಗುಂಡಿಯ ಅಗಲಕ್ಕೆ ಹರಡುತ್ತೇವೆ. ಇನ್ನೊಂದು ಕಡೆ ತೆಳ್ಳಗೆ, ನಾಲಗೆಯ ಆಕಾರಕ್ಕೆ ಎಳೆಯುತ್ತೇವೆ. ದಪ್ಪ ಲೇಪದಲ್ಲಿ ರೋಗಾಣು ಇದೆಯೋ ಇಲ್ಲವೋ ಬೇಗ ತಿಳಿಯುತ್ತದೆ. ತೆಳು ಲೇಪದಲ್ಲಿ ಯಾವ ಜಾತಿ ಎಂದು ತಿಳಿಯುತ್ತದೆ.

ಬರಿಗಾಜಿನಲ್ಲಿ ಏನೂ ಕಾಣದು. ಬಣ್ಣ ಹಾಕಬೇಕು. ಆ ಬಣ್ಣಕ್ಕೆ ಜೆ.ಎಸ್.ಬಿ. ಎಂದು ಹೆಸರು. ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ನಮ್ಮ ದೇಶದ ಇಬ್ಬರು ವಿಜ್ಞಾನಿಗಳು 1944ರಲ್ಲಿ, ಯುದ್ಧದ ಕಾಲದಲ್ಲಿ, ಅದನ್ನು ರೂಪಿಸಿದರು. ನೀರಿನಲ್ಲಿ ಕರಗುವ, ಅಗ್ಗದ ಬಣ್ಣ. ಹಳ್ಳಿಯ ದವಾಖಾನೆಗೆ ಹೇಳಿ ಮಾಡಿಸಿದ್ದು. ನಾನು ಸೇವೆಯಲ್ಲಿ ಅದ್ದಿದ ಗಾಜುಗಳೆಲ್ಲ ಆ ಬಣ್ಣದಲ್ಲೇ ಅದ್ದಿದ್ದು.

ಈಗ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಿದ್ದೀರಿ ಅಂದುಕೊಳ್ಳಿ. ತೆಳು ಲೇಪದಲ್ಲಿ ರಕ್ತದ ಕಣಗಳು ತಟ್ಟೆಯಲ್ಲಿ ಹರಡಿದ ಸಣ್ಣ ಬಿಲ್ಲೆಗಳ ಹಾಗೆ ಕಾಣುತ್ತವೆ. ಒಂದು ಬಿಲ್ಲೆಯೊಳಗೆ ನೀಲಿ ಉಂಗುರ. ಉಂಗುರಕ್ಕೆ ಒಂದು ಕೆಂಪು ಹರಳು. ಬೆರಳಿಗೆ ಹಾಕಿಕೊಳ್ಳುವ ಹರಳಿನ ಉಂಗುರವೇ ಸರಿ. ಅದು ಮಲೇರಿಯಾ. ಉಂಗುರ ದೊಡ್ಡದಿದ್ದು, ಕಣವೂ ಉಬ್ಬಿ ಬಣ್ಣಗೆಟ್ಟಿದ್ದರೆ ಅದು ವೈವಾಕ್ಸ್ ಎಂಬ ಜಾತಿ. ಉಂಗುರ ಎಳೆಯಷ್ಟು ತೆಳ್ಳಗಿದ್ದು, ಒಂದೇ ಕಣದಲ್ಲಿ ಎರಡಿದ್ದರೆ ಫಾಲ್ಸಿಪೇರಂ ಎಂಬ ಜಾತಿ. ಈ ಎರಡನೆಯದರ ಮುಂದಿನ ಅವಸ್ಥೆ ಬಿದಿಗೆಯ ಚಂದ್ರನ ಹಾಗೆ ಬಾಗಿರುತ್ತದೆ. ನೋಡಲು ಚೆಂದ. ಆದರೆ ಅದನ್ನು ಕಂಡಾಗಲೆಲ್ಲ ನನ್ನ ಎದೆ ಝಲ್ ಅನ್ನುತ್ತಿತ್ತು. ಜೀವ ತೆಗೆಯುವ ಜಾತಿ ಅದು.

ಇಲ್ಲ ಎಂದು ಬರೆಯುವುದು, ಇದೆ ಎಂದು ಬರೆಯುವುದಕ್ಕಿಂತ ಕಷ್ಟ. ದಪ್ಪ ಲೇಪದಲ್ಲಿ ಕನಿಷ್ಠ ನೂರು ಕಡೆ ಗಾಜನ್ನು ಸರಿಸಿ ಸರಿಸಿ ನೋಡಿದ ಮೇಲೆಯೇ ಇಲ್ಲ ಅನ್ನಬೇಕು. ಹಾಗಾಗಿ ಹೊತ್ತು ಹಿಡಿಯುತ್ತದೆ. ದವಾಖಾನೆಯ ಕಟ್ಟೆಯ ಮೇಲೆ ಕಾಯುವಾಗ ನಿಮಗೆ ಬೇಸರ ಬರುತ್ತದೆ, ಗೊತ್ತು. ಆ ಹೊತ್ತಿನಲ್ಲಿ ಒಳಗೆ ಒಬ್ಬರು ನಿಮ್ಮ ರಕ್ತವನ್ನು ಮೂಲೆ ಮೂಲೆ ಹುಡುಕುತ್ತಿರುತ್ತಾರೆ. ಈಗ ಆಶಾ ಕಾರ್ಯಕರ್ತೆಯರ ಕೈಗೂ ಕಿಟ್ ಬಂದಿದೆ. ಒಂದು ಹನಿ ರಕ್ತ, ಕೆಲವು ಹನಿ ದ್ರಾವಣ, ಇಪ್ಪತ್ತು ನಿಮಿಷದ ಆಸುಪಾಸು. ಪಟ್ಟಿಯ ಮೇಲೆ ಗೆರೆ ಮೂಡಿದರೆ ಗೊತ್ತಾಗುತ್ತದೆ. ಎರಡು ಜಾತಿಯನ್ನೂ ಬೇರೆ ಬೇರೆ ಗೆರೆಯಲ್ಲಿ ತೋರಿಸುವ ಕಿಟ್‌ಗಳಿವೆ.

ಇಲ್ಲಿಗೆ ಎರಡು ಮಾತಾದವು. ಕಚ್ಚುವುದು ಅನಾಫಿಲಿಸ್ ಸೊಳ್ಳೆ. ರೋಗ ಯಾವುದೆಂದು ಹೇಳುವುದು ರಕ್ತದ ಹನಿ, ಬರೀ ಮೈ ಮುಟ್ಟಿ ನೋಡಿದರೆ ತಿಳಿಯದು. ಇನ್ನು ಮೂರನೆಯ ಮಾತು. ಇದೇ ಮುಖ್ಯ. ನಾಲ್ಕು ದಿನಕ್ಕೆ ಬಿಟ್ಟ ಜ್ವರಕ್ಕೆ ಹದಿನಾಲ್ಕು ದಿನದ ಗುಳಿಗೆ ಯಾಕೆ?

ಸೊಳ್ಳೆ ಕಚ್ಚಿದಾಗ ರೋಗಾಣು ಅದರ ಜೊಲ್ಲಿನಿಂದ ನಮ್ಮ ರಕ್ತಕ್ಕೆ ಇಳಿಯುತ್ತದೆ. ಆದರೆ ರಕ್ತದಲ್ಲಿ ನಿಲ್ಲುವುದಿಲ್ಲ. ಅರ್ಧ ಗಂಟೆಯೊಳಗೆ ಯಕೃತ್ತಿಗೆ, ಅಂದರೆ ಲಿವರ್‌ಗೆ, ಹೋಗಿ ಸೇರುತ್ತದೆ. ಅಲ್ಲಿ ಸದ್ದಿಲ್ಲದೆ ಒಂದಕ್ಕೆ ಸಾವಿರವಾಗಿ ಬೆಳೆಯುತ್ತದೆ. ಸುಮಾರು ಒಂದು ವಾರದ ಮೇಲೆ ರಕ್ತಕ್ಕೆ ನುಗ್ಗುತ್ತದೆ. ಕೆಂಪು ಕಣ ಹೊಕ್ಕು, ತಿಂದು, ಒಡೆದು ಹೊರಬರುತ್ತದೆ. ಹೀಗೆ ಒಡೆಯಲು ಸುಮಾರು 48 ಗಂಟೆ. ಅವು ಒಟ್ಟೊಟ್ಟಿಗೆ ಒಡೆದಾಗ ಚಳಿ, ಆಮೇಲೆ ಉರಿ, ಆಮೇಲೆ ಬೆವರು. ಆ ಅವ್ವ ದಿನ ಬಿಟ್ಟು ದಿನ ಅಂದಳಲ್ಲ, ಕಾರಣ ಇದೇ.

ಮೂರು ದಿನದ ಗುಳಿಗೆ ಕ್ಲೋರೋಕ್ವಿನ್. ಅದು ರಕ್ತದಲ್ಲಿರುವ ವೈವಾಕ್ಸನ್ನು ಕೊಲ್ಲುತ್ತದೆ. ಜ್ವರ ಬಿಡುತ್ತದೆ. ಆದರೆ ವೈವಾಕ್ಸ್‌ಗೆ ಒಂದು ಗುಣವಿದೆ. ಅದರ ಒಂದಿಷ್ಟು ಜೀವಿಗಳು ಲಿವರ್‌ನಲ್ಲೇ ಮಲಗಿಬಿಡುತ್ತವೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಹಗೇವಿನಲ್ಲಿ ಜೋಳ ಇಟ್ಟ ಹಾಗೆ. ಕ್ಲೋರೋಕ್ವಿನ್ ಅವನ್ನು ಮುಟ್ಟುವುದಿಲ್ಲ. ಮುಟ್ಟುವುದು ಪ್ರೈಮಾಕ್ವಿನ್. ಅದನ್ನು ದಿನಾ ಸ್ವಲ್ಪ ಸ್ವಲ್ಪವಾಗಿ ಹದಿನಾಲ್ಕು ದಿನ ಕೊಡಬೇಕು. ಐದು ದಿನಕ್ಕೆ ನಿಲ್ಲಿಸಿದರೆ ಮಲಗಿದ್ದು ಮಲಗಿಯೇ ಇರುತ್ತದೆ. ಹಬ್ಬ ಕಳೆದ ಮೇಲೆ ಏಳುತ್ತದೆ.

ಪ್ರೈಮಾಕ್ವಿನ್ ಎಲ್ಲರಿಗೂ ಅಲ್ಲ, ಇದನ್ನು ಗಮನವಿಟ್ಟು ಕೇಳಿ. ಬಸುರಿಯರಿಗೆ ಕೊಡುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಕೊಡುವುದಿಲ್ಲ. ಬಾಣಂತಿಯಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಕೆಲವರಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕೊರತೆ ಇರುತ್ತದೆ. ಅಂಥವರಿಗೆ ಈ ಗುಳಿಗೆ ಒಗ್ಗದು. ಮೂತ್ರ ಕಪ್ಪಾಗುತ್ತದೆ, ಕಣ್ಣು ಹಳದಿಯಾಗುತ್ತದೆ, ತುಟಿ ನೀಲಿಗಟ್ಟುತ್ತದೆ. ಹಾಗಾದರೆ ಗುಳಿಗೆ ನಿಲ್ಲಿಸಿ ಅವತ್ತೇ ದವಾಖಾನೆಗೆ ಬನ್ನಿ. ಉಳಿದವರು ಊಟ ಮಾಡಿ ನುಂಗಿರಿ. ಖಾಲಿ ಹೊಟ್ಟೆಯಲ್ಲಿ ಬೇಡ. ಎಷ್ಟು, ಯಾವುದು ಎಂದು ಡಾಕ್ಟರೇ ಹೇಳಬೇಕು. ಪಕ್ಕದ ಮನೆಯವರಿಗೆ ಕೊಟ್ಟ ಗುಳಿಗೆ ನಿಮಗಲ್ಲ.

ಫಾಲ್ಸಿಪೇರಂ ಆದರೆ ಔಷಧಿಯೇ ಬೇರೆ. ಆರ್ಟಿಸುನೇಟ್ ಎಂಬ ಔಷಧಿಯನ್ನು ಇನ್ನೊಂದು ಔಷಧಿಯ ಜೊತೆ ಸೇರಿಸಿ ಕೊಡುತ್ತಾರೆ. ಮೂರು ದಿನ. ಪ್ರೈಮಾಕ್ವಿನ್ ಒಂದೇ ಸಲ. ಆರ್ಟಿಸುನೇಟ್‌ನ ಮೂಲ ಒಂದು ಗಿಡ. ಚೀನಾದ ತು ಯುಯು ಎಂಬ ವಿಜ್ಞಾನಿ ಹಳೆಯ ವೈದ್ಯಗ್ರಂಥಗಳನ್ನು ಓದಿ ಆ ಗಿಡದ ಸಾರ ತೆಗೆದರು. 2015ರಲ್ಲಿ ನೊಬೆಲ್ ಪಡೆದರು. ಆ ಗಿಡ ನಮ್ಮ ದವನದ ಬಳಗದ್ದು. ಹಾಗೆಂದು ದವನ ಅರೆದು ಕುಡಿದರೆ ಮಲೇರಿಯಾ ಹೋಗದು. ಬಳಗ ಒಂದೇ, ಗಿಡ ಬೇರೆ.

ರೋಗಿ ಎದ್ದು ಕೂರಲಾರದಿದ್ದರೆ, ತಡವರಿಸಿ ಮಾತಾಡಿದರೆ, ಫಿಟ್ಸ್ ಬಂದರೆ, ನುಂಗಿದ್ದೆಲ್ಲ ವಾಂತಿಯಾದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಎಂದು ಕಾಯಬೇಡಿ. ರೋಗ ಮಿದುಳಿಗೆ, ಮೂತ್ರಪಿಂಡಕ್ಕೆ ಏರಿರಬಹುದು. ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ಅಂಥ ರೋಗಿಗೆ ರಕ್ತನಾಳಕ್ಕೆ ಕೊಡುವ ಔಷಧಿ ಬೇಕು. ಇಷ್ಟು ವರ್ಷದಲ್ಲಿ ನಾನು ಕಂಡ ಸಾವುಗಳೆಲ್ಲ ತಡದಿಂದ ಆದವು. ಮೂರು ದಿನ ಸಲೈನ್ ಹಚ್ಚಿಸಿ, ಎರಡು ದಿನ ಚೀಟಿ ಕಟ್ಟಿಸಿ, ಆರನೆಯ ದಿನ ರಕ್ತ ಕೊಡಲು ಬಂದವರು ಅವರು.

ಇನ್ನೊಮ್ಮೆ ಹೇಳುತ್ತೇನೆ. ಕಚ್ಚುವುದು ಸೊಳ್ಳೆ, ಹೇಳುವುದು ರಕ್ತ, ವೈವಾಕ್ಸನ್ನು ಬೇರು ಸಹಿತ ಕೀಳುವುದು ಹದಿನಾಲ್ಕು ದಿನದ ಗುಳಿಗೆ. ಈಗ ನೀರಿನ ಕಡೆ ನೋಡೋಣ.

ಬಹಳ ಜನ ಗಟಾರದ ಸೊಳ್ಳೆಯಿಂದ ಮಲೇರಿಯಾ ಅಂದುಕೊಂಡಿದ್ದಾರೆ. ಅಲ್ಲ. ಅನಾಫಿಲಿಸ್ ತಿಳಿನೀರಿನ ಸೊಳ್ಳೆ. ನಾಟಿ ಮಾಡಿದ ಎಳೆ ಗದ್ದೆ, ಕಾಲುವೆಯ ಬಸಿನೀರು, ಹಳ್ಳದ ಗುಂಡಿ, ದನದ ಗೊರಸು ಊರಿದ ಕುಳಿ. ಮುನಿರಾಬಾದಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ ಗಂಗಾವತಿ ದಾಟಿ ರಾಯಚೂರಿನ ಕಡೆ 200ಕ್ಕೂ ಹೆಚ್ಚು ಕಿಲೋಮೀಟರ್ ಹರಿಯುತ್ತದೆ. ಅದಕ್ಕೂ ಮೊದಲೇ ವಿಜಯನಗರ ಕಾಲದ ಕಾಲುವೆಗಳು ಆನೆಗೊಂದಿ, ಗಂಗಾವತಿಯ ಗದ್ದೆಗೆ ನೀರು ಉಣಿಸುತ್ತಿದ್ದವು. ಆ ನೀರು ನಮ್ಮ ಅನ್ನ. ಅದನ್ನು ದೂರುವುದು ನನ್ನಿಂದಾಗದು. ಆದರೆ ನೀರು ನಿಂತಲ್ಲಿ ಸೊಳ್ಳೆ ಇರುತ್ತದೆ. 1930ರ ದಶಕದಲ್ಲಿ ಮಂಡ್ಯದ ಕಡೆ ಇರ್ವಿನ್ ಕಾಲುವೆ ಬಂದಾಗಲೂ ಅದರ ಹಿಂದೆ ಚಳಿಜ್ವರ ಬಂತು. ಆಗ ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ದಪ್ಪಗಾಗಿದೆಯೇ ಎಂದು ಎಣಿಸಿ, ಊರಿನ ಮಲೇರಿಯಾ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರು.

ಕುಷ್ಟಗಿ, ಯಲಬುರ್ಗಾದವರು ಕೇಳಬಹುದು, ನಮ್ಮಲ್ಲಿ ನೀರೇ ಇಲ್ಲ, ಸೊಳ್ಳೆ ಎಲ್ಲಿಂದ? ನೀರು ಕಡಿಮೆ ಇದ್ದಲ್ಲಿ ನೀರು ಕೂಡಿಡುತ್ತೇವೆ. ಸಿಮೆಂಟಿನ ತೊಟ್ಟಿ, ಬ್ಯಾರಲ್, ಕೃಷಿ ಹೊಂಡ, ದನದ ಬಾನಿ. ವಾರಕ್ಕೊಮ್ಮೆ ಬರಿದು ಮಾಡಿ ಒಣಗಿಸಿದರೆ ಮರಿ ಸಾಯುತ್ತದೆ. ಬರಿದು ಮಾಡಲಾಗದ ಹೊಂಡಕ್ಕೆ ಗಪ್ಪಿ ಮೀನು ಬಿಡಿ. ಆರೋಗ್ಯ ಇಲಾಖೆಯವರನ್ನು ಕೇಳಿದರೆ ಕೊಡುತ್ತಾರೆ. ರಾತ್ರಿ ಪರದೆ ಕಟ್ಟಿಕೊಳ್ಳಿ. ಗೋದಲಿಯ ಹತ್ತಿರ ಮಲಗುವವರಿಗೆ ಇದು ಇನ್ನೂ ಮುಖ್ಯ. ದನದ ರಕ್ತಕ್ಕೆ ಬಂದ ಸೊಳ್ಳೆ ಮನುಷ್ಯನನ್ನೂ ಬಿಡುವುದಿಲ್ಲ.

ಪಂಚಮಿಯ ಹೊತ್ತನ್ನು ನೆನೆಯಿರಿ. ಆಗ ಕರಾವಳಿಯಲ್ಲಿ ಮಳೆ, ಕಟ್ಟಡಗಳ ಮೇಲೆ ನಿಂತ ನೀರು. ಇಲ್ಲಿ ಕಾಲುವೆಗೆ ನೀರು ಬಿಟ್ಟು ನಾಟಿ ನಡೆದಿರುತ್ತದೆ. ಅದೇ ಹೊತ್ತಿಗೆ ಗುಳೆ ಹೋದ ಮಕ್ಕಳು ಊರಿಗೆ ಬರುತ್ತಾರೆ. ಅವರ ರಕ್ತದಲ್ಲಿ ರೋಗಾಣು, ನಮ್ಮ ಹೊಲದಲ್ಲಿ ಸೊಳ್ಳೆ. ಎರಡೂ ಸೇರಲು ಒಂದು ರಾತ್ರಿ ಸಾಕು. ಆ ತಂಗಿಗೆ ಜ್ವರ ಬಂದದ್ದು ಹೀಗೆಯೇ ಎಂದು ನಾನು ನಂಬಿದ್ದೇನೆ. ಗುಳೆ ಹೋದವರದು ತಪ್ಪು ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. ಹೊಟ್ಟೆಪಾಡಿಗೆ ಹೋದವರು ಅವರು. ಮೊದಲು ಕಾಯಿಲೆ ತಿಂದವರೂ ಅವರೇ.

ಹಾಗೆಯೇ ನಮ್ಮಲ್ಲಿಗೆ ಬಂದವರೂ ಇದ್ದಾರೆ. ಗಿಣಿಗೇರಾ ಸುತ್ತಿನ ಕಾರ್ಖಾನೆಗಳಲ್ಲಿ ಉತ್ತರದ ರಾಜ್ಯಗಳ ಕೂಲಿಯವರಿದ್ದಾರೆ. ಬಿಹಾರ, ಜಾರ್ಖಂಡ್ ಕಡೆ ಕಾಲಾ ಅಜಾರ್ ಎಂಬ ಇನ್ನೊಂದು ಪರಾವಲಂಬಿ ರೋಗವಿದೆ. ಮರಳು ನೊಣ ಕಚ್ಚಿ ಬರುತ್ತದೆ. ಅದರ ರೋಗಾಣುವನ್ನು 1903ರಲ್ಲಿ ಮದರಾಸಿನಲ್ಲಿ ಕಂಡವರು ಡೊನೊವನ್ ಎಂಬ ವೈದ್ಯರು. ಅಲ್ಲಿಂದ ಬಂದವರಿಗೆ ಎರಡು ವಾರ ಮೀರಿದ ಜ್ವರ, ದಪ್ಪಗಾದ ಗುಲ್ಮ, ಮಲೇರಿಯಾ ಔಷಧಿಗೆ ಬಗ್ಗದ ಸೊರಗು ಇದ್ದರೆ, ಊರಿನ ಹೆಸರನ್ನು ಡಾಕ್ಟರಿಗೆ ಹೇಳಿ. ಅದಕ್ಕೂ ಬೆರಳ ರಕ್ತದ ಪರೀಕ್ಷೆಯಿದೆ, ಒಂದೇ ದಿನದಲ್ಲಿ ಕೊಡುವ ಔಷಧಿಯಿದೆ.

ಹೀಗೆ ಜ್ವರ ಊರಿನಿಂದ ಊರಿಗೆ ನಡೆದು ಬರುತ್ತದೆ. ಕೊನೆಯದಾಗಿ ಒಂದು ಸಂಗತಿ. ಈಗ ಮಲೇರಿಯಾ ಎಲ್ಲಿದೆ, ಕಾಣುವುದೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನಿಜ. 1990ರ ದಶಕದ ನಡುವಿನಲ್ಲಿ ಕರ್ನಾಟಕದಲ್ಲಿ ವರ್ಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜನರ ರಕ್ತದಲ್ಲಿ ಮಲೇರಿಯಾ ಸಿಕ್ಕಿತ್ತು. 2021ರ ಹೊತ್ತಿಗೆ ಅದು ಸಾವಿರಕ್ಕಿಂತ ಕೆಳಗೆ ಇಳಿಯಿತು. ಆದರೆ ನಾವು ಒಮ್ಮೆ ಮೋಸ ಹೋಗಿದ್ದೇವೆ. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. 1946ರಲ್ಲಿ ಯಲಬುರ್ಗಾದ ಗಡಿಯಾಚೆ, ಆಗಿನ ಧಾರವಾಡ ಜಿಲ್ಲೆಯಲ್ಲಿ, ಡಾ. ಡಿ.ಕೆ. ವಿಶ್ವನಾಥನ್ ಮನೆ ಗೋಡೆಗಳಿಗೆ ಡಿಡಿಟಿ ಹೊಡೆಸಿ ದಾರಿ ತೋರಿಸಿದರು. 1953ರಲ್ಲಿ ದೇಶಕ್ಕೆಲ್ಲ ಕಾರ್ಯಕ್ರಮ ಬಂತು. 1965ಕ್ಕೆ ಪ್ರಕರಣಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಹೋಯಿತು ಎಂದು ಕೈ ಸಡಿಲಿಸಿದೆವು. 1976ಕ್ಕೆ 64 ಲಕ್ಷ ಆಯಿತು.

ಹಾಗೆಂದು ರೋಗವನ್ನು ಪೂರ್ತಿ ಓಡಿಸಲಾಗದು ಎಂದಲ್ಲ. ಹಿರಿಯರಿಗೆ ನಾರು ಹುಣ್ಣು ನೆನಪಿರಬೇಕು. ಈ ಭಾಗದ ಮೆಟ್ಟಿಲು ಬಾವಿಗಳ ನೀರು ಕುಡಿದವರ ಕಾಲಿನಿಂದ ದಾರದಂಥ ಹುಳು ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯುತ್ತಿದ್ದರು. ಅದಕ್ಕೆ ಔಷಧಿ ಇರಲಿಲ್ಲ, ಲಸಿಕೆ ಇರಲಿಲ್ಲ. ಜನ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರು. ಹುಣ್ಣಿದ್ದವರು ಬಾವಿಗೆ ಇಳಿಯಲಿಲ್ಲ. ಬೋರ್‌ವೆಲ್ ಬಂದವು. 1996ರ ನಂತರ ದೇಶದಲ್ಲಿ ಒಂದು ಪ್ರಕರಣವೂ ಕಾಣಲಿಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ಅದರಿಂದ ಮುಕ್ತ ಎಂದು ಸಾರಿತು. ಔಷಧಿಯೇ ಇಲ್ಲದ ರೋಗವನ್ನು ನಮ್ಮ ಜನ ಓಡಿಸಿದ್ದಾರೆ. ಔಷಧಿ ಇರುವ ರೋಗ ಗೋಡೆಯ ಗೂಡಿನಲ್ಲಿ ಉಳಿದ ಗುಳಿಗೆಯಿಂದಾಗಿ ಉಳಿದಿದೆ. ಇದನ್ನು ನಾನು ಸಹಿಸಲಾರೆ.

ತಾಯಂದಿರೇ, ಈ ಪಂಚಮಿಗೆ ನಿಮ್ಮ ಮಗ ಊರಿಗೆ ಬಂದಾಗ ಮೈ ಬಿಸಿಯಿದ್ದರೆ ಮೊದಲು ಆಶಾ ಅಕ್ಕನನ್ನು ಕರೆಯಿರಿ. ಅವನು ಬೆರಳು ಕೊಡಲಿ. ಗುಳಿಗೆ ಬರೆದರೆ ದಿನಕ್ಕೊಂದು ಗೆರೆಯಂತೆ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿ. ರಜೆ ಮುಗಿದು ನಡುವೆಯೇ ಹೋಗಬೇಕಾದರೆ ಉಳಿದ ಗುಳಿಗೆಯನ್ನು ರೊಟ್ಟಿಯ ಬುತ್ತಿಯ ಜೊತೆ ಕಟ್ಟಿಕೊಡಿ. ದಿನಾ ರಾತ್ರಿ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳುವಾಗ ಗುಳಿಗಿ ನುಂಗಿದ್ಯಾ ಎಂದೂ ಕೇಳಿ. ಹದಿನಾಲ್ಕು ಗೆರೆ ಆಗುವ ತನಕ ಕೇಳಿ.